ಹಕ್ಕಿ ಓಡಿಸುವವಳ ಟೈಮ್‌ಟೇಬಲ್ಲು

ಮೊನ್ನೆವರೆಗೆ ದಿನಕ್ಕೆ ಎರಡೇ ಸಲ ನನ್ನ ಕೂಗು.
ಬೆಳಿಗ್ಗೆ ಒಂದು ಬರೋದು, ಅದೇ ತಿರುಗಿ ಹೋಗೋದು.
ಆಮೇಲೆ ಮಂಡಕಳ್ಳಿಯ ಆಕಾಶ
ತೊಳೆದು ಬೋರಲು ಹಾಕಿದ ಬಾಣಲೆ.
ನಾನು, ಜೀಪಿನ ಇಮ್ತಿಯಾಜ್, ಬೇಲಿಯಾಚೆಯ ನಂಜನಗೂಡು ರೈಲು,
ಮೂವರೂ ಆಕಳಿಸುತ್ತಿದ್ದೆವು.

ಈ ಸೋಮವಾರದಿಂದ ಹೊಸ ಕಂಪನಿ.
ಹೈದರಾಬಾದು, ಗೋವಾ, ಕೊಚ್ಚಿ, ಪುಣೆ,
ನಾಲ್ಕೂ ಊರಿಗೆ ನೇರ. ಗೇಟಿನ ಫ್ಲೆಕ್ಸಿನಲ್ಲಿ
ಕೆಂಪಕ್ಷರದ 'ತಡೆರಹಿತ'.
ಸಬರ್ಬನ್ ಸ್ಟ್ಯಾಂಡಿನ ಬೆಂಗಳೂರು ಬಸ್ಸಿಗೂ ಇದೇ ಬೋರ್ಡು;
ಅದು ಮದ್ದೂರಿನಲ್ಲಿ ಕಾಫಿಗೆ ನಿಲ್ಲೋದು
ಡ್ರೈವರಿಗೂ ಗೊತ್ತು, ದೇವರಿಗೂ ಗೊತ್ತು.
ಟಿಕೆಟ್ಟು ಸಾವಿರದ ನಾನೂರ ತೊಂಬತ್ತೊಂಬತ್ತು,
ನನ್ನ ಮೂರು ದಿನದ ಕೂಲಿ.
"ಒಂದು ರೂಪಾಯಿ ಯಾಕೆ ಬಿಟ್ಟರು?" ಅಂದೆ.
"ಹಕ್ಕಿಗಳಿಗೆ" ಅಂದ ಇಮ್ತಿಯಾಜ್.

ಮೊದಲ ದಿನ ಫೈರಿಂಜಿನ್ನೆರಡು ಎದುರುಬದುರು ನಿಂತು
ನೀರಿನ ಕಮಾನು ಕಟ್ಟಿದವು.
ಹಸೆಗೆ ಬರುವ ಮದುಮಗನ ಹಾಗೆ
ನೆನೆದುಕೊಂಡು, ನಿಧಾನಕ್ಕೆ, ಒಳಗೆ ಬಂತು ವಿಮಾನ.
ಭಾಷಣ ಮುಗಿಯುವಷ್ಟರಲ್ಲಿ
ಚೆಲ್ಲಿದ ನೀರು ಸಣ್ಣ ಕೆರೆಯಾಗಿ
ವರುಣಾ ಕೆರೆಯವರೆಗೂ ಸುದ್ದಿ ಮುಟ್ಟಿತ್ತು:
ಬೆಳ್ಳಕ್ಕಿ ಹದಿನಾಲ್ಕು, ಗೊರವಂಕ ಲೆಕ್ಕವಿಲ್ಲ,
ಒಂದು ನವಿಲು, ತನ್ನನ್ನೂ ಕರೆದಿದ್ದಾರೆ ಎಂಬಂತೆ.
ಮ್ಯಾನೇಜರು ಬಾಯಲ್ಲಿ ಮೈಸೂರುಪಾಕು ಇಟ್ಟುಕೊಂಡೇ
ನನ್ನ ಕಡೆ ಕೈ ಬೀಸಿದರು.

ನಾನು ಈ ಕೆಲಸ ಕಲಿತದ್ದು ಒಂಬತ್ತನೇ ವಯಸ್ಸಿಗೆ,
ಮರಸೆಯ ಜೋಳದ ಹೊಲದಲ್ಲಿ, ಅಟ್ಟಣೆ ಮೇಲೆ.
ಕೈಲಿ ಕವಣೆ, ಮಡಿಲಲ್ಲಿ ಕಲ್ಲು, ಬಾಯಲ್ಲಿ ಓ ಹೊಯ್.
ಗಿಣಿ ತಿಂದಷ್ಟು ತೆನೆ ಗಿಣೀದೇ ಅನ್ನೋಳು ಅವ್ವ,
ಆದರೂ ಕೂಗೋದು ಬಿಡಬೇಡ ಅನ್ನೋಳು.
ಈಗ ಕವಣೆ ಬದಲು ಪಟಾಕಿ.
ತೆನೆ ಬದಲು ಎಪ್ಪತ್ತೆಂಟು ಜನ, ಬೆಲ್ಟು ಕಟ್ಟಿಕೊಂಡು.
ಅವ್ವನ ಲೆಕ್ಕ ಇಲ್ಲಿ ನಡೆಯಲ್ಲ;
ಒಂದು ಹದ್ದೂ ತನ್ನ ಪಾಲು ಕೇಳುವಂತಿಲ್ಲ.

ಆರೂ ನಲವತ್ತು ಹೈದರಾಬಾದು, ಆಗ ಗೊರವಂಕದ ಸಂತೆ.
ಹತ್ತೂವರೆ ಗೋವಾ, ನೆಲ ಕಾದು
ಹದ್ದುಗಳು ಗಾಳಿಯ ಮೆಟ್ಟಿಲು ಹತ್ತುವ ಹೊತ್ತು.
ಎರಡೂಕಾಲು ಕೊಚ್ಚಿ. ಯಾರೂ ಬರಲ್ಲ. ನನ್ನ ಊಟ.
ಪುಣೆಯದು ಸಂಜೆ, ಬೆಳ್ಳಕ್ಕಿ ಸಾಲಾಗಿ ಮನೆಗೆ ಹೋಗುವಾಗ.
ಆ ಊರು ಯಾವುದನ್ನೂ ನಾ ಕಂಡಿಲ್ಲ.
ನನಗೆ ಪುಣೆ ಅಂದರೆ ಬೆಳ್ಳಕ್ಕಿ.

ವಿಮಾನದ ಬಾಲದ ಮೇಲೂ ಒಂದು ಹಕ್ಕಿ ಬರೆದಿದ್ದಾರೆ, ನೀಲಿ,
ಕೊಕ್ಕಿಲ್ಲ, ಕಾಲಿಲ್ಲ, ಯಾವ ಜಾತಿಯೋ.
ನಾನು ಓಡಿಸಬಾರದ ಹಕ್ಕಿ ಅದೊಂದೇ.

ನಿನ್ನೆ ಪುಣೆಯದು ಎದ್ದ ಮೇಲೆ
ಬೇಲಿಯ ಬುಡದಲ್ಲಿ, ಜಲ್ಲಿಯೊಳಗೆ ಜಲ್ಲಿಯಂತೆ
ನಾಲ್ಕು ಮೊಟ್ಟೆ. ಟಿಟ್ಟಿಭದ್ದು.
ನಾನೊಂದು ಹೆಜ್ಜೆ ಇಟ್ಟದ್ದೇ ತಡ
ತಲೆ ಮೇಲೆ ಅದರ ರಂಪ. ಕಿರುಚಿತು, ಎರಗಿತು,
ರೆಕ್ಕೆ ಮುರಿದವಳ ನಾಟಕ ಆಡಿತು,
ಮತ್ತೆ ಎದ್ದು ಕಣ್ಣಿಗೇ ಬಂತು.
ಕೂಲಿ ಇಲ್ಲ, ಪಟಾಕಿ ಇಲ್ಲ, ಮೇಲೆ ಕಂಟ್ರಾಕ್ಟರ್ ಇಲ್ಲ,
ಎಂಥ ಕೆಲಸಗಾರ್ತಿ!
ಹಿಂದೆ ಸರಿದೆ. ಸರಿದೆ ಅಂತ ಯಾಕೆ ಅನ್ನಲಿ, ಓಡಿದೆ.

ಇಮ್ತಿಯಾಜ್ ಸ್ಟೇರಿಂಗಿಗೆ ಹಣೆ ಇಟ್ಟು ನಗುತ್ತಿದ್ದ.
ಆಫೀಸಿನಲ್ಲಿ ರಿಜಿಸ್ಟರು ತೆಗೆದು ಬರೆದೆ:
ತಾರೀಕು. ಹೊತ್ತು. ಪಟಾಕಿ ಮೂರು.
'ಗೂಡು' ಎಂಬ ಕಾಲಮ್ಮಿನ ಮುಂದೆ
ಪೆನ್ನು, ಮದ್ದೂರಿನ ಬಸ್ಸಿನ ಹಾಗೆ,
ಸ್ವಲ್ಪ ಹೊತ್ತು ನಿಂತಿತು.
'ಇಲ್ಲ.'
ಸಹಿ, ಚಿಕ್ಕತಾಯಮ್ಮ.